‘ಸಂತೆಗೆ ಹೋಗುತ್ತಿರುವಾಗ್ಗೆ’: ಎಫ್‌ಐಆರ್‌ನ ಒಂದು ಸಾಲು, ಒಂದು ಪರಿಹಾರ ಕೇಸು

ಇದು ನಮ್ಮ ಮನೆಯದೇ ಪ್ರಕರಣ. ಊರು, ಠಾಣೆ, ಆಸ್ಪತ್ರೆ, ವಿಮಾ ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ತುಮಕೂರು ಜಿಲ್ಲೆಯ ತೆಂಗಿನ ಸೀಮೆ ಅಂದುಕೊಂಡರೆ ಸಾಕು. ಒಂದೇ ಅಪಘಾತದ ಬಗ್ಗೆ ಬೇರೆ ಬೇರೆ ಕಾಗದಗಳು ಬೇರೆ ಬೇರೆ ಕಥೆ ಹೇಳಿದವು. ಅದು ಹೇಗಾಯಿತು, ಕೋರ್ಟಿನಲ್ಲಿ ಯಾವ ಕಾಗದ ಯಾವ ಕೆಲಸಕ್ಕೆ ಬಂತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು.

2024ರ ಆಗಸ್ಟ್, ಸಂತೆಯ ದಿನ. ಚಿಕ್ಕಪ್ಪ ಬೆಳಗ್ಗೆ ಪೇಟೆಗೆ ಹೋಗಿದ್ದರು. ಸಂಜೆ ಏಳೂಕಾಲರ ಹೊತ್ತಿಗೆ ಬೈಕಿನಲ್ಲಿ ಊರಿಗೆ ವಾಪಸ್ ಬರುತ್ತಿದ್ದರು. ಊರಿಗೆ ಎರಡು ಕಿಲೋಮೀಟರ್ ಇರುವಾಗ ಎಡಗಡೆ ಒಂದು ನಾರಿನ ಫ್ಯಾಕ್ಟರಿಗೆ ದಾರಿ ಸಿಗುತ್ತದೆ. ಎದುರಿನಿಂದ ತೆಂಗಿನ ಮಟ್ಟೆ ತುಂಬಿಕೊಂಡು ಬಂದ ಗೂಡ್ಸ್ ಟೆಂಪೋ ಇಂಡಿಕೇಟರ್ ಹಾಕದೆ ಆ ದಾರಿಗೆ ತಿರುಗಿಬಿಟ್ಟಿತು. ಟೆಂಪೋದ ಎಡ ಮೂಲೆ ಬೈಕಿನ ಬಲಗಡೆಗೆ ಹೊಡೆಯಿತು. ಚಿಕ್ಕಪ್ಪನ ಬಲಗಾಲು, ಮೊಣಕಾಲಿನ ಕೆಳಗೆ, ಎರಡೂ ಮೂಳೆ ಮುರಿದವು.

ರಸ್ತೆ ಪಕ್ಕದ ಟೀ ಅಂಗಡಿಯ ಅಮ್ಮ ಇದನ್ನೆಲ್ಲಾ ಕಣ್ಣಾರೆ ಕಂಡಿದ್ದರು. ಯಾರೋ ದಾರಿಹೋಕರು ತುರ್ತು ನಂಬರ್ 112ಕ್ಕೆ ಫೋನ್ ಮಾಡಿದರು. ಅಷ್ಟರಲ್ಲಿ ನಮ್ಮೂರಿನ ಒಬ್ಬ ಹುಡುಗ ಆಟೊದಲ್ಲಿ ಬಂದವನು ಚಿಕ್ಕಪ್ಪನನ್ನು ಎತ್ತಿ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೋದ. ಅವನು ಡಿಕ್ಕಿ ಆದದ್ದನ್ನು ನೋಡಿರಲಿಲ್ಲ. ಅವನು ಕಂಡದ್ದು ಬಿದ್ದಿದ್ದ ಬೈಕನ್ನು, ಬಿದ್ದಿದ್ದ ಮನುಷ್ಯನನ್ನು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ‘ಏನಾಯ್ತಪ್ಪಾ?’ ಅಂತ ಕೇಳಿದರು. ಚಿಕ್ಕಪ್ಪ ನೋವಿನಲ್ಲಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹುಡುಗ ಹೇಳಿದ: ‘ಬೈಕಿಂದ ಬಿದ್ರು ಸಾರ್.’

ಪೊಲೀಸರಿಗೆ ತಿಳಿಸಬೇಕಾದ ಕೇಸುಗಳನ್ನು ಬರೆಯುವ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಪುಸ್ತಕದಲ್ಲಿ ಅದೇ ಬಿತ್ತು. ‘ಬೈಕಿನಿಂದ ಬಿದ್ದು ಗಾಯ.’

ಮೊದಲ ನಾಲ್ಕು ದಿನ

ಅಪಘಾತ, ಹೊಡೆದಾಟ, ವಿಷ ಸೇವನೆ ಇಂಥ ಕೇಸು ಬಂದರೆ ಆಸ್ಪತ್ರೆಯವರು ಎಂಎಲ್‌ಸಿ ಅಂತ ದಾಖಲಿಸಿ ಠಾಣೆಗೆ ಸುದ್ದಿ ಕಳಿಸುತ್ತಾರೆ. ಅವತ್ತು ರಾತ್ರಿಯೂ ಕಳಿಸಿದ್ದರು. ಆದರೆ ಆ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು’ ಅಂತ ಇತ್ತು. ತಾನೇ ಬಿದ್ದವನ ವಿಷಯದಲ್ಲಿ ಪೊಲೀಸರಿಗೆ ಏನು ಅವಸರ? ಯಾರಾದರೂ ಬಂದು ದೂರು ಕೊಟ್ಟರೆ ನೋಡೋಣ ಅಂತ ಬಿಟ್ಟರು.

ನಾವು ಅದೇ ರಾತ್ರಿ ಚಿಕ್ಕಪ್ಪನನ್ನು ತುಮಕೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮಾರನೇ ದಿನ ಆಪರೇಷನ್, ಕಾಲಿಗೆ ರಾಡ್. ಚಿಕ್ಕಮ್ಮ ಒಬ್ಬರೇ ಅಲ್ಲಿ. ನಾನು ದುಡ್ಡು ಹೊಂದಿಸಲು ಊರಿಗೂ ತುಮಕೂರಿಗೂ ಓಡಾಡುತ್ತಿದ್ದೆ. ಟೆಂಪೋ ಯಾರದ್ದು ಅಂತಲೂ ಗೊತ್ತಿರಲಿಲ್ಲ. ಮೂರನೇ ದಿನ ಟೀ ಅಂಗಡಿಗೆ ಹೋಗಿ ಕೇಳಿದಾಗ ಆ ಅಮ್ಮ, ‘ಫ್ಯಾಕ್ಟರಿಗೆ ದಿನಾ ಮಟ್ಟೆ ತರೋ ಗಾಡಿ ಅಲ್ವಾ ಅದು’ ಅಂದರು. ನಂಬರ್ ಸಿಕ್ಕಿತು. ನಾಲ್ಕನೇ ದಿನ ಠಾಣೆಗೆ ಹೋದೆ.

ಠಾಣೆಯಲ್ಲಿ ಮೊದಲು ಬಂದ ಮಾತು, ‘ಗಾಡಿಯವರನ್ನ ಕರೆಸ್ತೀವಿ, ಮಾತಾಡ್ಕೊಳ್ಳಿ.’ ಇಂಥ ಮಾತಿಗೆ ಅಲ್ಲೇ ಒಪ್ಪಿಬಿಡುವವರು ಜಾಸ್ತಿ. ನಾನು ಒಪ್ಪಲಿಲ್ಲ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ ಅಂತ ಮಾಹಿತಿಯಲ್ಲೇ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಅಜಾಗರೂಕ ಚಾಲನೆ ಅಂಥ ಅಪರಾಧ. ಹಾಕದಿದ್ದರೆ ಜಿಲ್ಲಾ ಎಸ್‌ಪಿ ಅವರಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಅಷ್ಟು ದೂರ ಹೋಗಬೇಕಾಗಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಪೆನ್ನು ಹಿಡಿದರು.

ನಾನು ಹೇಳಿದ್ದು ಹೀಗೆ: ‘ನಮ್ಮ ಚಿಕ್ಕಪ್ಪ ಸಂತೆಗೆ ಹೋಗಿದ್ರು ಸಾರ್, ಬೈಕಲ್ಲಿ. ಫ್ಯಾಕ್ಟರಿ ಹತ್ರ ಟೆಂಪೋದವನು ಗುದ್ದಿದ.’

ಅವರು ಬರೆದದ್ದು ಹೀಗೆ: ‘ನಮ್ಮ ಚಿಕ್ಕಪ್ಪನವರು ತಮ್ಮ ಬೈಕಿನಲ್ಲಿ ಸಂತೆಗೆ ಹೋಗುತ್ತಿರುವಾಗ್ಗೆ, ಎದುರಿನಿಂದ ಸದರಿ ಟೆಂಪೋ ಚಾಲಕನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆಸಿದ್ದು, ವಿಷಯ ತಿಳಿದು ಆಸ್ಪತ್ರೆಗೆ ಹೋಗಿ ನೋಡಲಾಗಿ…’

‘ಹೋಗಿದ್ರು’ ಅನ್ನುವುದು ‘ಹೋಗುತ್ತಿರುವಾಗ್ಗೆ’ ಆಯಿತು. ಪೊಲೀಸ್ ಬರವಣಿಗೆಗೆ ಅದರದೇ ಒಂದು ಅಚ್ಚು ಇದೆ. ನಮ್ಮ ಮಾತನ್ನು ಆ ಅಚ್ಚಿಗೆ ಹಾಕುವಾಗ ಹೀಗಾಗುತ್ತದೆ. ರೈಟರ್ ಬೇಕು ಅಂತ ಮಾಡಿದ್ದಲ್ಲ. ದಿನಕ್ಕೆ ಎಷ್ಟೋ ಬರೆಯುವವರು. ಬರೆದದ್ದನ್ನು ದೂರುದಾರರಿಗೆ ಓದಿ ಹೇಳಬೇಕು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು ಅಂತ ಕಾನೂನು ಇದೆ. ಅವರು ಗಡಿಬಿಡಿಯಲ್ಲಿ ಓದಿದರು. ನನ್ನ ಗಮನ ಟೆಂಪೋ ನಂಬರ್ ಸರಿ ಇದೆಯಾ ಅನ್ನುವುದರ ಮೇಲೇ ಇತ್ತು. ಸಹಿ ಹಾಕಿದೆ. ಒಂದು ಪ್ರತಿಯನ್ನು ಉಚಿತವಾಗಿ ಕೊಟ್ಟರು, ಅದೂ ನಮ್ಮ ಹಕ್ಕು.

ಅವತ್ತು ನಾನು ನೋಡದೆ ಬಿಟ್ಟ ಇನ್ನೊಂದು ವಿಷಯ ಇತ್ತು. ಎಫ್‌ಐಆರ್ ಫಾರಂನಲ್ಲಿ ಘಟನೆ ನಡೆದ ದಿನ, ಸಮಯ, ಠಾಣೆಗೆ ಮಾಹಿತಿ ಬಂದ ದಿನ, ಸಮಯ ಬೇರೆ ಬೇರೆ ಇರುತ್ತವೆ. ಇವುಗಳ ಜೊತೆಗೆ, ದೂರು ಕೊಡಲು ತಡವಾದದ್ದಕ್ಕೆ ಕಾರಣ ಬರೆಯುವ ಜಾಗ ಒಂದಿದೆ. ನಮ್ಮದರಲ್ಲಿ ಅದು ಖಾಲಿ ಇತ್ತು. ತಡವಾದದ್ದಕ್ಕೆ ಆಪರೇಷನ್, ಗಾಡಿ ನಂಬರ್ ಗೊತ್ತಿಲ್ಲದ್ದು ಅಂತ ಒಳ್ಳೆಯ ಕಾರಣಗಳೇ ಇದ್ದವು. ಒಂದು ಸಾಲು ಬರೆಸಿದ್ದರೆ ಮುಗಿಯುತ್ತಿತ್ತು.

ಕಂಪನಿಯ ತಕರಾರು

ಎಫ್‌ಐಆರ್‌ನಲ್ಲಿ ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಮತ್ತು 125(ಬಿ). 2024ರ ಜುಲೈ 1ರಿಂದ ಹೊಸ ಕಾನೂನು ಬಂದಿತ್ತು. ಮೊದಲು ಐಪಿಸಿಯಲ್ಲಿ 279, 338 ಅಂತಿದ್ದವೇ ಇವು. ಮೂಳೆ ಮುರಿದರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯ. ಅದಕ್ಕೇ 125(ಬಿ).

ಪರಿಹಾರದ ಅರ್ಜಿ ಬೇರೆ ದಾರಿ. ಅದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಕೆಳಗೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. 2022ರ ಏಪ್ರಿಲ್‌ನಿಂದ ಇದಕ್ಕೆ ಅಪಘಾತವಾದ ಆರು ತಿಂಗಳ ಗಡುವು ಇದೆ. ನಾವು 2025ರ ಜನವರಿಯಲ್ಲಿ ಹಾಕಿದೆವು. ಟೆಂಪೋದ ವಿಮಾ ಕಂಪನಿ ಆಕ್ಷೇಪಣೆ ಸಲ್ಲಿಸಿತು. ಅದನ್ನು ಓದಿದಾಗ ನಮಗೆ ಕೈಕಾಲು ಆಡಲಿಲ್ಲ. ಅವರ ವಾದ ಮೂರು ಮಾತಿನಲ್ಲಿತ್ತು. ಆಸ್ಪತ್ರೆಯ ದಾಖಲೆ ಪ್ರಕಾರ ಈ ಮನುಷ್ಯ ತಾನೇ ಬಿದ್ದಿದ್ದಾನೆ. ನಾಲ್ಕು ದಿನ ಸುಮ್ಮನಿದ್ದು ಆಮೇಲೆ ವಿಮೆ ಇರುವ ಒಂದು ಗಾಡಿಯನ್ನು ತಂದು ಸೇರಿಸಿದ್ದಾರೆ. ಆ ಗಾಡಿಯೇ ಗುದ್ದಿದ್ದು ಅಂತ ಒಪ್ಪಿಕೊಂಡರೂ ತಪ್ಪು ಬೈಕಿನವನದ್ದೇ, ಯಾಕೆಂದರೆ ಅವನು ರಾಂಗ್ ಸೈಡಿನಲ್ಲಿದ್ದ.

ಮೂರನೆಯದು ಹೇಗೆ ಬಂತು? ‘ಹೋಗುತ್ತಿರುವಾಗ್ಗೆ’ಯಿಂದ.

ನಮ್ಮ ರಸ್ತೆ ಪೂರ್ವ–ಪಶ್ಚಿಮ. ಪೇಟೆ ಪಶ್ಚಿಮಕ್ಕೆ, ಊರು ಪೂರ್ವಕ್ಕೆ. ಪೊಲೀಸರು ಬರೆದ ನಕ್ಷೆಯಲ್ಲಿ ರಸ್ತೆ 24 ಅಡಿ ಅಗಲ, ಡಿಕ್ಕಿಯಾದ ಜಾಗ ಉತ್ತರದ ಅಂಚಿನಿಂದ 6 ಅಡಿ ಒಳಗೆ. ಪೇಟೆಯಿಂದ ಊರಿಗೆ ಬರುವವನಿಗೆ ಉತ್ತರದ ಅರ್ಧವೇ ಎಡಗಡೆ. ಅಂದರೆ ಚಿಕ್ಕಪ್ಪ ಅವರ ಜಾಗದಲ್ಲೇ ಇದ್ದರು. ಆದರೆ ಎಫ್‌ಐಆರ್ ಹೇಳುವಂತೆ ಅವರು ಊರಿಂದ ಸಂತೆಗೆ ಹೋಗುತ್ತಿದ್ದರೆ ಎಡಗಡೆ ಅಂದರೆ ದಕ್ಷಿಣ. ಆಗ ಡಿಕ್ಕಿಯಾದದ್ದು ಅವರ ಬಲಕ್ಕೆ, ಎದುರು ಬರುವವರ ಜಾಗದಲ್ಲಿ. ಒಂದು ಕ್ರಿಯಾಪದ ಬದಲಾಗಿದ್ದಕ್ಕೆ, ಗುದ್ದಿಸಿಕೊಂಡವರೇ ತಪ್ಪು ಮಾಡಿದವರಾದರು.

ವಿಮಾ ಕಂಪನಿಯವರು ಅನುಮಾನ ಪಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ತಾನೇ ಬಿದ್ದವರು ಬೇರೆ ಗಾಡಿ ಸೇರಿಸಿ ದುಡ್ಡು ಪಡೆಯುವ ಸುಳ್ಳು ಕೇಸುಗಳು ನಿಜವಾಗಿಯೂ ಇವೆ. ಅದಕ್ಕೇ ಅವರು ಮೊದಲು ಎಂಎಲ್‌ಸಿ ಪುಸ್ತಕ ನೋಡುತ್ತಾರೆ, ಆಮೇಲೆ ಎಫ್‌ಐಆರ್‌ನ ದಿನಾಂಕ ನೋಡುತ್ತಾರೆ. ಅಂಥ ಸುಳ್ಳುಗಳ ನಡುವೆ ನಿಜವಾದ ಕೇಸು ಕೂಡ ಅದೇ ಜರಡಿಯಲ್ಲಿ ಬೀಳುತ್ತದೆ. ಅದೇ ಸಂಕಟ.

ವಕೀಲರು ಕಾಗದ ಓದಿದ ರೀತಿ

ನಮ್ಮ ವಕೀಲರು ಹೆಣ್ಣುಮಗಳು, ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸುವವರು. ನಾನು ಫೈಲ್ ತೆಗೆದುಕೊಂಡು ಹೋಗಿ, ‘ಮೇಡಂ, ಎಫ್‌ಐಆರ್ ತಿದ್ದಿಸಬಹುದಾ?’ ಅಂತ ಕೇಳಿದೆ. ‘ಯಾರಿಂದಲೂ ಆಗಲ್ಲ’ ಅಂದರು. ಎಫ್‌ಐಆರ್ ದಾಖಲಾದ ಕೂಡಲೇ ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಯಾವತ್ತು, ಎಷ್ಟು ಹೊತ್ತಿಗೆ ಬಂತು ಅಂತ ಅಲ್ಲಿ ಗುರುತು ಬೀಳುತ್ತದೆ. ಆಮೇಲೆ ಪೊಲೀಸರೂ ಅದರಲ್ಲಿ ಒಂದು ಅಕ್ಷರ ಬದಲಿಸುವಂತಿಲ್ಲ. ಬದಲಿಸಬಾರದು ಅನ್ನುವುದೇ ಅದರ ಬಲ. ತಪ್ಪಿದ್ದರೆ ತನಿಖಾಧಿಕಾರಿಗೆ ಮರುಹೇಳಿಕೆ ಕೊಡಬೇಕು. ತಪ್ಪೂ ಉಳಿಯುತ್ತದೆ, ತಿದ್ದುಪಡಿಯೂ ಪಕ್ಕದಲ್ಲಿ ಕೂರುತ್ತದೆ.

ಆಮೇಲೆ ಅವರು ಎಲ್ಲಾ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಒಂದೊಂದನ್ನೂ ಎತ್ತಿ ನನ್ನನ್ನು ಮೂರೇ ಪ್ರಶ್ನೆ ಕೇಳಿದರು. ಇದು ಯಾರ ಬಾಯಿಂದ ಬಂದ ಮಾತು? ಯಾವತ್ತು? ಅವರು ಕಣ್ಣಾರೆ ಕಂಡಿದ್ದರಾ? ಪೊಲೀಸ್ ಕಾಗದ ಓದುವುದು ಅಂದರೆ ಇಷ್ಟೇ ಅಂತ ನನಗೆ ಅವತ್ತು ಗೊತ್ತಾಯಿತು. ಅಲ್ಲಿಯವರೆಗೆ ಸೀಲು ಬಿದ್ದದ್ದೆಲ್ಲಾ ನಿಜ ಅಂದುಕೊಂಡಿದ್ದೆ. ವಿಮಾ ಕಂಪನಿಯ ಆಕ್ಷೇಪಣೆ ಓದಿದ ಮೇಲೆ, ಸೀಲು ಬಿದ್ದದ್ದೆಲ್ಲಾ ಸುಳ್ಳು ಅನ್ನುವ ಕಡೆಗೆ ವಾಲಿದ್ದೆ.

ಎಂಎಲ್‌ಸಿಯ ಮಾತು ಹುಡುಗನ ಬಾಯಿಂದ ಬಂದದ್ದು. ಅವನು ಡಿಕ್ಕಿ ನೋಡಿಲ್ಲ. ಡಾಕ್ಟರು ಗಾಯವನ್ನು ನೋಡಿದ್ದಾರೆ, ಹಾಗಾಗಿ ಗಾಯದ ವಿಷಯದಲ್ಲಿ ಅವರ ಬರಹ ಗಟ್ಟಿ. ಗಾಯ ಹೇಗಾಯಿತು ಅನ್ನುವುದು ಅವರಿಗೆ ಯಾರೋ ಹೇಳಿದ್ದು.

ಎಫ್‌ಐಆರ್ ನನ್ನ ಬಾಯಿಂದ ಬಂದದ್ದು. ನಾನೂ ನೋಡಿಲ್ಲ. ‘ವಿಷಯ ತಿಳಿದು’ ಅಂತ ಅದರಲ್ಲೇ ಇದೆ. ಎಫ್‌ಐಆರ್ ಅನ್ನುವುದು ತನಿಖೆ ಶುರುವಾಗಲು ಬೇಕಾದ ಮೊದಲ ಸುದ್ದಿ. ಅದು ಎಲ್ಲವನ್ನೂ ಹೇಳುವ ವಿಶ್ವಕೋಶ ಅಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ತೀರ್ಪುಗಳಲ್ಲಿ ಹೇಳಿದೆ. ಅದೇ ಒಂದು ಸ್ವತಂತ್ರ ಸಾಕ್ಷ್ಯವೂ ಅಲ್ಲ. ಅದನ್ನು ಕೊಟ್ಟವನು ಕೋರ್ಟಿನಲ್ಲಿ ನಿಂತು ಮಾತಾಡುವಾಗ, ಅವನ ಮಾತಿಗೆ ಬೆಂಬಲವಾಗಿ ಇಲ್ಲವೇ ಅವನ ಮಾತನ್ನು ಮುರಿಯಲು ಬಳಸುತ್ತಾರೆ.

ಮಹಜರ್ ಬೇರೆ ಜಾತಿಯ ಕಾಗದ. ಪೊಲೀಸರು ಇಬ್ಬರು ಪಂಚರನ್ನು, ಅಂದರೆ ಸ್ಥಳದ ಸಾಕ್ಷಿಗಳನ್ನು, ಕರೆದುಕೊಂಡು ಸ್ಥಳಕ್ಕೆ ಹೋಗಿ ಕಂಡದ್ದನ್ನು ಬರೆಯುತ್ತಾರೆ. ನಮ್ಮದು ಆದದ್ದು ಐದನೇ ದಿನ. ಮಳೆ ಬಂದು ಹೋಗಿತ್ತು, ರಕ್ತ ಇರಲಿಲ್ಲ. ರಸ್ತೆ ಅಂಚಿನಲ್ಲಿ ಹೆಡ್‌ಲೈಟಿನ ಗಾಜಿನ ಚೂರು ಸಿಕ್ಕಿದ್ದವು. ಡಿಕ್ಕಿಯಾದ ಜಾಗ ತೋರಿಸಿದ್ದು ಟೀ ಅಂಗಡಿಯ ಅಮ್ಮ. ಹಾಗಾಗಿ ಮಹಜರಿನಲ್ಲೂ ಎರಡು ಪಾಲು: ಗಾಜು ಕಣ್ಣಿಗೆ ಕಂಡದ್ದು, ಜಾಗ ಅಮ್ಮ ತೋರಿಸಿದ್ದು. ಗಾಜಿನ ಚೂರೂ ಉತ್ತರದ ಅಂಚಿನಲ್ಲೇ ಸಿಕ್ಕಿದ್ದು ನಮಗೆ ದೊಡ್ಡ ಆಸರೆ ಆಯಿತು.

ನಮ್ಮ ಪಾಲಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಐಎಂವಿ ರಿಪೋರ್ಟ್. ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿಗಳನ್ನು ನೋಡಿ ಕೊಡುವ ವರದಿ ಇದು. ಟೆಂಪೋದ ಎಡ ಮುಂದಿನ ಮೂಲೆ ಜಜ್ಜಿತ್ತು, ಎಡ ಇಂಡಿಕೇಟರ್ ಒಡೆದಿತ್ತು. ಬೈಕಿನ ಬಲಗಡೆ ಫುಟ್‌ರೆಸ್ಟ್ ಬಗ್ಗಿತ್ತು, ಮುಂದಿನ ಹೆಡ್‌ಲೈಟ್ ಹೋಗಿತ್ತು. ಬ್ರೇಕ್ ಎರಡರಲ್ಲೂ ಸರಿ ಇತ್ತು, ಯಂತ್ರದೋಷದಿಂದ ಆದ ಅಪಘಾತವಲ್ಲ ಅಂತ ಷರಾ. ವಕೀಲರು ಎರಡು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟು ತೋರಿಸಿದರು. ಎದುರಿನಿಂದ ಬಂದ ಟೆಂಪೋ ಬಲಕ್ಕೆ ತಿರುಗಿ ಬೈಕಿನ ದಾರಿಗೆ ಅಡ್ಡ ಬಂದರೆ ಟೆಂಪೋಗೆ ಎಡ ಮೂಲೆ, ಬೈಕಿಗೆ ಬಲಗಡೆ ಪೆಟ್ಟು ಬೀಳುತ್ತದೆ. ಬಲಗಾಲು ಮುರಿದದ್ದೂ ಅದಕ್ಕೇ ಹೊಂದುತ್ತದೆ. ತಾನೇ ಬಿದ್ದ ಬೈಕಿನ ಫುಟ್‌ರೆಸ್ಟ್ ಬಗ್ಗಬಹುದು. ಆದರೆ ಅದಕ್ಕೆ ಹೊಂದುವ ಪೆಟ್ಟು ಟೆಂಪೋದ ಮೂಲೆಯಲ್ಲಿ ಹೇಗೆ ಬರುತ್ತದೆ?

ಚಿಕ್ಕಪ್ಪನ ಹೇಳಿಕೆಯನ್ನು ಪೊಲೀಸರು ಹತ್ತನೇ ದಿನ ಆಸ್ಪತ್ರೆಯಲ್ಲಿ ತೆಗೆದುಕೊಂಡಿದ್ದರು. ಅದರಲ್ಲಿ ‘ಸಂತೆ ಮುಗಿಸಿಕೊಂಡು ಊರಿಗೆ ವಾಪಸ್ ಬರುತ್ತಿರುವಾಗ್ಗೆ’ ಅಂತ ಸರಿಯಾಗಿ ಇತ್ತು. ಅವತ್ತು ನಾನು ಅಲ್ಲೇ ಇದ್ದೆ. ‘ಸಹಿ ಬೇಡವಾ ಸಾರ್?’ ಅಂತ ಕೇಳಿದ್ದೆ. ‘ಈ ಹೇಳಿಕೆಗೆ ಸಹಿ ತಗೊಳ್ಳೋ ಹಾಗಿಲ್ಲ’ ಅಂದಿದ್ದರು ಹೆಡ್ ಕಾನ್‌ಸ್ಟೇಬಲ್. ನನಗೆ ಅನುಮಾನ ಬಂದಿತ್ತು. ಆದರೆ ಅವರು ಹೇಳಿದ್ದು ಸರಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಅಂತ ಹಳೆಯ ಕಾನೂನಿನಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡದ್ದು ಕೋರ್ಟಿನಲ್ಲಿ ಯಾರನ್ನೂ ಕಟ್ಟಿಹಾಕಬಾರದು ಅನ್ನುವ ಕಾಳಜಿ ಅದರ ಹಿಂದೆ ಇದೆ.

ಟೆಂಪೋ ಚಾಲಕನೂ ಹೇಳಿಕೆ ಕೊಟ್ಟಿದ್ದ. ಗಾಡಿ ನಿಂತಿತ್ತು, ಬೈಕಿನವರೇ ಬಂದು ಗುದ್ದಿದರು ಅಂತ. ಪೊಲೀಸರು ಅದನ್ನೇ ನಂಬಿ ಬಿ ರಿಪೋರ್ಟ್ (ಕೇಸು ಮುಚ್ಚುವ ವರದಿ) ಹಾಕಿದ್ದರೆ ಕ್ರಿಮಿನಲ್ ಕೇಸು ಅಲ್ಲಿಗೇ ನಿಲ್ಲುತ್ತಿತ್ತು. ಆಗಲೂ ದೂರುದಾರರಿಗೆ ನೋಟಿಸ್ ಬರಬೇಕು, ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು. ನಮ್ಮಲ್ಲಿ ಅದು ಬೇಕಾಗಲಿಲ್ಲ. ಟೀ ಅಂಗಡಿ ಅಮ್ಮನ ಮಾತು, ಐಎಂವಿ ವರದಿ ಎರಡೂ ಇದ್ದುದರಿಂದ ಚಾರ್ಜ್‌ಶೀಟ್ ಚಾಲಕನ ಮೇಲೇ ಬಂತು. ಚಾರ್ಜ್‌ಶೀಟ್ ಅಂದರೆ ತೀರ್ಪಲ್ಲ, ತನಿಖೆ ಮಾಡಿದವರ ಅಭಿಪ್ರಾಯ. ಆದರೆ ಪರಿಹಾರದ ಕೇಸಿನಲ್ಲಿ ಅದಕ್ಕೆ ತೂಕ ಜಾಸ್ತಿ. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕು. ನ್ಯಾಯಮಂಡಳಿಯಲ್ಲಿ ಯಾವುದು ಹೆಚ್ಚು ಸಂಭವ ಅಂತ ತೋರಿಸಿದರೆ ಸಾಕು.

112

ಕೇಸಿನ ಅರ್ಧ ದಾರಿಯಲ್ಲಿ ವಕೀಲರು ಕೇಳಿದರು: ‘ಅವತ್ತು ಯಾರಾದ್ರೂ ಪೊಲೀಸರಿಗೆ ಫೋನ್ ಮಾಡಿದ್ರಾ?’ ಟೀ ಅಂಗಡಿ ಅಮ್ಮನಿಗೆ ನೆನಪಿತ್ತು, ಯಾರೋ 112ಕ್ಕೆ ಮಾಡಿದ್ದರು, ಪೊಲೀಸ್ ಗಾಡಿಯೂ ಬಂದಿತ್ತು, ಅಷ್ಟರಲ್ಲಿ ಗಾಯಾಳು ಹೋಗಿದ್ದರು. ನಮಗೆ ಇದು ಹೊಳೆದೇ ಇರಲಿಲ್ಲ. ವಕೀಲರು ಅರ್ಜಿ ಹಾಕಿ ಆ ದಾಖಲೆಯನ್ನು ನ್ಯಾಯಮಂಡಳಿಗೆ ತರಿಸಿದರು.

ಅದರಲ್ಲಿ ಇದ್ದದ್ದು ಇಷ್ಟೇ: ಅವತ್ತಿನ ದಿನಾಂಕ, ಸಂಜೆ 7.21, ನಾರಿನ ಫ್ಯಾಕ್ಟರಿ ಹತ್ತಿರ, ಬೈಕ್ ಮತ್ತು ಗೂಡ್ಸ್ ಟೆಂಪೋ ಡಿಕ್ಕಿ, ಒಬ್ಬರಿಗೆ ಗಾಯ.

ಗಾಡಿ ನಂಬರ್ ಇಲ್ಲ. ಯಾರ ಹೆಸರೂ ಇಲ್ಲ. ಇಂಥ ತುಣುಕು ಫೋನ್ ಸುದ್ದಿ ಎಫ್‌ಐಆರ್ ಆಗುವುದಿಲ್ಲ. ಆದರೂ ಆ ಒಂದು ಸಾಲು ಕಂಪನಿಯ ಮುಖ್ಯ ವಾದವನ್ನೇ ಅಲ್ಲಾಡಿಸಿತು. ನಾಲ್ಕು ದಿನ ಯೋಚಿಸಿ ಟೆಂಪೋ ಸೇರಿಸಿದರು ಅನ್ನುವುದಾದರೆ, ಅಪಘಾತವಾದ ಕೆಲವೇ ನಿಮಿಷದಲ್ಲಿ, ನಮ್ಮ ಪರಿಚಯವೇ ಇಲ್ಲದ ದಾರಿಹೋಕ ‘ಟೆಂಪೋ’ ಅಂತ ಯಾಕೆ ಹೇಳುತ್ತಾನೆ? ಆ ಮನುಷ್ಯ ಯಾರೋ, ಇವತ್ತಿಗೂ ನಮಗೆ ಗೊತ್ತಿಲ್ಲ. ಅವರಿಗೆ ನಮ್ಮ ಮನೆಯವರೆಲ್ಲಾ ಋಣಿ.

ತಡದ ಬಗ್ಗೆ ವಕೀಲರು ಸುಪ್ರೀಂ ಕೋರ್ಟಿನ 2011ರ ರವಿ ವಿರುದ್ಧ ಬದ್ರಿನಾರಾಯಣ ತೀರ್ಪನ್ನು ಮುಂದಿಟ್ಟರು. ಅಪಘಾತವಾದಾಗ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ನಿಜವಾದ ಪರಿಹಾರದ ಅರ್ಜಿಯನ್ನು ತಳ್ಳಿಹಾಕಬಾರದು ಅಂತ ಆ ತೀರ್ಪಿನ ತಿರುಳು. ಜೊತೆಗೆ ಆಸ್ಪತ್ರೆಗೆ ಸೇರಿದ ದಿನ, ಆಪರೇಷನ್ ದಿನ ತೋರಿಸುವ ಡಿಸ್ಚಾರ್ಜ್ ಸಮ್ಮರಿ ಇಟ್ಟರು. ಎಫ್‌ಐಆರ್‌ನಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಉತ್ತರ ಹೀಗೆ ಸಿಕ್ಕಿತು.

ಪಾಟಿ ಸವಾಲು

ನನ್ನನ್ನು ಕಂಪನಿಯ ವಕೀಲರು ಹೆಚ್ಚು ಕೇಳಿದ್ದು ಆ ಒಂದು ಸಾಲಿನ ಬಗ್ಗೆ. ‘ಸಂತೆಗೆ ಹೋಗುತ್ತಿರುವಾಗ್ಗೆ ಅಂತ ಬರೆದಿರುವುದು ನಿಮ್ಮ ಸಹಿ ಇರುವ ದೂರಿನಲ್ಲೇ ಅಲ್ಲವೇ?’ ಹೌದು ಅಂದೆ. ಇಲ್ಲ ಅನ್ನಬಾರದು ಅಂತ ನಮ್ಮ ವಕೀಲರು ಮೊದಲೇ ಹೇಳಿದ್ದರು. ನಾನು ಹೇಳಿದ್ದು ಏನು, ಬರೆದದ್ದು ಏನು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಸಂಜೆ ಏಳೂಕಾಲಿಗೆ ಯಾರೂ ಸಂತೆಗೆ ಹೋಗಲ್ಲ ಸ್ವಾಮಿ, ಅಷ್ಟೊತ್ತಿಗೆ ಸಂತೆ ಎದ್ದಿರುತ್ತೆ’ ಅಂದೆ. ಅದು ದಾಖಲಾಯಿತು. ನಿಜವಾಗಿ ಎಫ್‌ಐಆರ್ ತನ್ನ ತಪ್ಪನ್ನು ತಾನೇ ತೋರಿಸುತ್ತಿತ್ತು. ಅದರಲ್ಲೇ ಘಟನೆಯ ಸಮಯ 19.15 ಅಂತ ಇತ್ತು. ನಾವ್ಯಾರೂ ಎರಡನ್ನೂ ಕೂಡಿಸಿ ಓದಿರಲಿಲ್ಲ.

ಆಟೊದಲ್ಲಿ ಕರೆದೊಯ್ದ ಹುಡುಗ ಸಾಕ್ಷಿ ಹೇಳಲು ಹೆದರಿದ್ದ. ಗಾಯಾಳುವಿಗೆ ನೆರವಾದವರನ್ನು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ 134ಎ ಅಂಥವರಿಗೆ ರಕ್ಷಣೆ ಕೊಡುತ್ತದೆ. ಅದನ್ನೆಲ್ಲಾ ತಿಳಿಸಿ, ಇಷ್ಟ ಇದ್ದರೆ ಬಾ ಅಂದೆವು. ಬಂದ. ‘ನಾನು ಡಿಕ್ಕಿ ನೋಡಿಲ್ಲ. ಡಾಕ್ಟ್ರು ಕೇಳಿದಾಗ, ಬಿದ್ದಿದ್ದು ಕಂಡಿದ್ದೆ, ಬಿದ್ರು ಅಂದೆ’ ಅಂತ ಹೇಳಿದ. ಎಂಎಲ್‌ಸಿಯ ಆ ಮಾತಿನ ಬೇರು ಇಲ್ಲಿದೆ ಅಂತ ಎಲ್ಲರಿಗೂ ಕಂಡಿತು.

ಇದರ ನಡುವೆ, ಕ್ರಿಮಿನಲ್ ಕೇಸು ನಡೆಯುತ್ತಿದ್ದ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಚಾಲಕ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಅದರ ದೃಢೀಕೃತ ಪ್ರತಿಯೂ ನಮ್ಮ ಫೈಲಿಗೆ ಸೇರಿತು. ಇಷ್ಟಾದ ಮೇಲೆ ಕಂಪನಿಯವರೇ ರಾಜಿಗೆ ಬಂದರು. ಲೋಕ ಅದಾಲತ್‌ನಲ್ಲಿ ಮುಗಿಯಿತು. ಮೊತ್ತ ಎಷ್ಟು ಅನ್ನುವುದು ಚಿಕ್ಕಪ್ಪನ ಮನೆಯ ವಿಷಯ, ಇಲ್ಲಿ ಬೇಡ. ಆಸ್ಪತ್ರೆಯ ಸಾಲ ತೀರಿತು, ಅಷ್ಟು ಹೇಳಬಹುದು.

ಅದಾಲತ್ ಮುಗಿಸಿ ಬಂದ ಸಂಜೆ ಆ ಹುಡುಗ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು, ‘ನಾನು ಅವತ್ತು ಅಷ್ಟು ಹೇಳದೇ ಇದ್ದಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ ಅಣ್ಣಾ’ ಅಂದ. ಚಿಕ್ಕಪ್ಪ ಊರುಗೋಲು ಗೋಡೆಗೆ ಒರಗಿಸಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ‘ನೀನು ಅವತ್ತು ಆಟೊ ನಿಲ್ಲಿಸದೇ ಇದ್ದಿದ್ರೆ ಈ ಕಾಗದ ಓದೋಕೆ ನಾನೇ ಇರ್ತಿರ್ಲಿಲ್ಲ ಕಣೋ ಮಗಾ’ ಅಂದರು. ಚಿಕ್ಕಮ್ಮ ಒಳಗಿಂದ ಮೂರು ಲೋಟ ಕಾಫಿ ತಂದರು.